ಕಿತ್ತಳೆ ಉಂಡೆಯ ಹಿಂದೆ ಬಿದ್ದು

ಮೊದಲ ಸಲ ಶನಿಯ ಚಂದ್ರ ಟೈಟಾನ್‌ನ ಚಿತ್ರ ತೆರೆದಾಗ ಫೈಲೇ ಕೆಟ್ಟಿರಬೇಕು ಅಂದುಕೊಂಡೆ. ಪರದೆ ತುಂಬ ಒಂದು ಬೂದು ಉಂಡೆ. ಕುಳಿ ಇಲ್ಲ, ಬಿರುಕಿಲ್ಲ, ಒಂದು ಕಲೆಯೂ ಇಲ್ಲ. ಇನ್ನೊಂದು ಫೈಲ್ ತೆರೆದೆ. ಅದೂ ಹಾಗೇ. ಹತ್ತು ಫೈಲ್ ನೋಡಿದ ಮೇಲೆ ಗೊತ್ತಾಯಿತು, ಕೆಟ್ಟಿದ್ದು ಫೈಲ್ ಅಲ್ಲ. ಟೈಟಾನ್ ಇರುವುದೇ ಹಾಗೆ.

ನಾನು ನೌಕೆ ಹಾರಿಸಿದವನಲ್ಲ, ಯಾವ ತಂಡದಲ್ಲೂ ಇದ್ದವನಲ್ಲ. ಕ್ಯಾಸಿನಿ ನೌಕೆ ತೆಗೆದ ಚಿತ್ರಗಳ ಮೂಲ ಫೈಲುಗಳನ್ನು ಇಳಿಸಿಕೊಂಡು, ಶುಚಿ ಮಾಡಿ, ಬಣ್ಣ ಕೂಡಿಸುವುದು ನನ್ನ ಹವ್ಯಾಸ. ಟೈಟಾನ್‌ಗೆ ಬರುವ ಮೊದಲು ಶನಿಯ ಬೇರೆ ಚಂದ್ರಗಳ ಮೇಲೆ ಕೈ ಕುದುರಿಸಿಕೊಂಡಿದ್ದೆ. ರಿಯಾ, ಡಯೋನಿ, ಮಿಮಾಸ್ ಎಲ್ಲ ಸಲೀಸು. ಅವಕ್ಕೆ ಗಾಳಿಯೇ ಇಲ್ಲ. ನೆರಳು ಕತ್ತರಿಸಿ ಇಟ್ಟ ಹಾಗೆ ಬೀಳುತ್ತದೆ. ಕಾಂಟ್ರಾಸ್ಟ್ ಸ್ವಲ್ಪ ಏರಿಸಿದರೆ ಕುಳಿಗಳು ತಾವಾಗೇ ಎದ್ದು ನಿಲ್ಲುತ್ತವೆ. ನೋಡಿದವರು ಹೊಗಳುತ್ತಾರೆ, ನಾವು ಮಾಡಿದ್ದು ಏನೂ ಇರುವುದಿಲ್ಲ. ಟೈಟಾನ್ ಮುಂದೆ ಆ ಆಟ ನಡೆಯಲಿಲ್ಲ.

ಈ ಚಂದ್ರನ ಅಡ್ಡಳತೆ 5150 ಕಿಲೋಮೀಟರ್. ಬುಧ ಗ್ರಹಕ್ಕಿಂತ ದೊಡ್ಡದು. ಶನಿಯಿಂದ ಸುಮಾರು 12 ಲಕ್ಷ 20 ಸಾವಿರ ಕಿ.ಮೀ. ದೂರದಲ್ಲಿ ಸುತ್ತುತ್ತದೆ, ಒಂದು ಸುತ್ತಿಗೆ ಹತ್ತಿರ ಹತ್ತಿರ 16 ದಿನ. ನೆಲದ ಮೇಲಿನ ಗಾಳಿಯ ಒತ್ತಡ ನಮ್ಮ ಭೂಮಿಯದಕ್ಕಿಂತ ಒಂದೂವರೆ ಪಟ್ಟು. ಗಾಳಿಯಲ್ಲಿ ಬಹುಪಾಲು ಸಾರಜನಕ, ಉಳಿದದ್ದರಲ್ಲಿ ಮುಖ್ಯವಾದದ್ದು ಮೀಥೇನ್. ಮೇಲೆ ಬಿಸಿಲು ಈ ಎರಡನ್ನೂ ಒಡೆಯುತ್ತದೆ. ಒಡೆದ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಕಂದು-ಕಿತ್ತಳೆ ಬಣ್ಣದ ಕಣಗಳಾಗುತ್ತವೆ. ಅವು ನಿಧಾನಕ್ಕೆ ಕೆಳಗಿಳಿಯುತ್ತಾ ಇರುತ್ತವೆ. ಇದು ಮೋಡವಲ್ಲ, ಬೆಳಗಿನ ಮಂಜೂ ಅಲ್ಲ. ಮಧ್ಯೆ ಬಿರುಕು ಬಿಟ್ಟು ನೆಲ ತೋರಿಸುವ ಜಾತಿಯದಲ್ಲ. ಇಡೀ ಚಂದ್ರನನ್ನು ನೂರಾರು ಕಿಲೋಮೀಟರ್ ದಪ್ಪಕ್ಕೆ ಮುಚ್ಚಿರುವ ಮಬ್ಬು.

ಕ್ಯಾಸಿನಿ ಹೊರಟಿದ್ದು 1997ರ ಅಕ್ಟೋಬರ್ 15ಕ್ಕೆ. ಶನಿಯ ಸುತ್ತ ಕಕ್ಷೆ ಹಿಡಿದದ್ದು 2004ರ ಜುಲೈ 1ಕ್ಕೆ. 2017ರ ಸೆಪ್ಟೆಂಬರ್ 15ಕ್ಕೆ ಶನಿಯೊಳಗೇ ಧುಮುಕಿ ಮುಗಿಯಿತು. ಈ ಹದಿಮೂರು ವರ್ಷದಲ್ಲಿ ಟೈಟಾನ್ ಪಕ್ಕದಿಂದಲೇ ಲೆಕ್ಕ ಹಾಕಿ 127 ಸಲ ಹಾದುಹೋಯಿತು. ಅದರಲ್ಲಿ ಎರಡು ಕ್ಯಾಮೆರಾ ಇದ್ದವು. ಒಂದು ದೂರದ್ದನ್ನು ಹತ್ತಿರ ತೋರಿಸುವಂಥದ್ದು, 2000 ಮಿಲಿಮೀಟರ್ ಫೋಕಲ್ ಲೆಂತ್. ಇನ್ನೊಂದು ಅಗಲ ನೋಟದ್ದು, 200 ಮಿಲಿಮೀಟರ್. ಎರಡರಲ್ಲೂ 1024 ಅಡ್ಡ, 1024 ಉದ್ದದ ಸಿಸಿಡಿ, ಅಂದರೆ ಬೆಳಕು ಹಿಡಿಯುವ ಚಿಪ್. ಈಗಿನ ಫೋನ್ ಲೆಕ್ಕದಲ್ಲಿ ಬರೀ ಒಂದು ಮೆಗಾಪಿಕ್ಸೆಲ್. ಅದೂ ಕಪ್ಪು-ಬಿಳುಪು. ಬಣ್ಣ ಬೇಕಾದರೆ ಮುಂದೆ ಫಿಲ್ಟರ್ ಚಕ್ರ ತಿರುಗಿಸಿ ಒಂದೊಂದೇ ಚಿತ್ರ ತೆಗೆಯಬೇಕು. ಫೈಲಿನ ಹೆಸರು ಎನ್ ಅಕ್ಷರದಿಂದ ಶುರುವಾದರೆ ಕಿರಿದು ನೋಟದ ಕ್ಯಾಮೆರಾ, ಡಬ್ಲ್ಯೂ ಆದರೆ ಅಗಲ ನೋಟದ್ದು. ಮುಂದಿನ ಹತ್ತು ಅಂಕಿ ನೌಕೆಯ ಗಡಿಯಾರದ ಸೆಕೆಂಡುಗಳು. ಕೆಲವು ತಿಂಗಳಾದ ಮೇಲೆ ಆ ಅಂಕಿ ನೋಡಿದರೇ ಯಾವ ವರ್ಷದ್ದು ಅಂತ ಹೇಳುವಷ್ಟು ಹುಚ್ಚು ಹಿಡಿಯುತ್ತದೆ.

ನನ್ನ ಮೊದಲ ತಪ್ಪು ಎಲ್ಲರೂ ಮಾಡುವಂಥದ್ದೇ. ಸಾರ್ವಜನಿಕರಿಗೆ ಅಂತ ಬೇಗ ಬೇಗ ಬಿಡುತ್ತಿದ್ದ ಜೆಪೆಗ್ ಚಿತ್ರಗಳನ್ನೇ ಹಿಡಿದುಕೊಂಡೆ. ಸುಮ್ನೆ ನೋಡಿ ಖುಷಿಪಡಲು ಅವು ಸಾಕು. ಆದರೆ ಅವು ಎಂಟು ಬಿಟ್‌ನವು (ಕಪ್ಪಿನಿಂದ ಬಿಳುಪಿಗೆ ಬರೀ 256 ಮೆಟ್ಟಿಲು), ಒತ್ತಿ ಹಿಂಡಿದವು. ಸಾಲದ್ದಕ್ಕೆ ಪ್ರತಿ ಚಿತ್ರದ ಬೆಳಕನ್ನೂ ಕಂಪ್ಯೂಟರ್ ತನ್ನ ಪಾಡಿಗೆ ಹಿಗ್ಗಿಸಿರುತ್ತದೆ. ಕೆಂಪು ಫಿಲ್ಟರ್‌ನ ಚಿತ್ರ ಎಷ್ಟು ಬೆಳಗಿತ್ತು, ನೀಲಿಯದು ಎಷ್ಟು ಮಂಕಾಗಿತ್ತು ಅನ್ನುವ ಲೆಕ್ಕ ಅಲ್ಲೇ ಹೋಯಿತು. ನಾನೋ ಮಬ್ಬಿನೊಳಗೆ ಇಣುಕುವ ಆಸೆಗೆ ಕಾಂಟ್ರಾಸ್ಟ್ ಎಳೆದೆ, ಎಳೆದೆ, ಇನ್ನೂ ಎಳೆದೆ. ಏನೋ ಕಾಣತೊಡಗಿತು. ಅಚ್ಚುಕಟ್ಟಾದ ಚೌಕಗಳು! ಟೈಟಾನ್ ಮೇಲೆ ಯಾರೋ ಹೆಂಚು ಹಾಸಿದ ಹಾಗೆ. ಎಣಿಸಿ ನೋಡಿದೆ, ಪ್ರತಿ ಚೌಕವೂ ಎಂಟು ಪಿಕ್ಸೆಲ್ ಅಗಲ. ಜೆಪೆಗ್ ಚಿತ್ರವನ್ನು ಕತ್ತರಿಸುವುದೇ ಎಂಟೆಂಟು ಪಿಕ್ಸೆಲ್‌ನ ತುಂಡುಗಳಾಗಿ. ನಾನು ಕಂಡಿದ್ದು ಅದರ ಹೊಲಿಗೆ.

ಅವತ್ತಿಂದ ಒಂದು ಪ್ರಶ್ನೆ ಅಭ್ಯಾಸವಾಯಿತು. ಏನೇ ಕಂಡರೂ ಮೊದಲು ಕೇಳಿಕೊಳ್ಳುವುದು: ಇದು ಕ್ಯಾಮೆರಾದ್ದಾ, ನನ್ನದಾ, ಟೈಟಾನ್‌ದಾ?

ಆಮೇಲೆ ಸರಿಯಾದ ಫೈಲುಗಳಿಗೆ ಹೋದೆ. ಗ್ರಹಗಳ ದತ್ತಾಂಶ ಇಡುವ ನಾಸಾದ ಭಂಡಾರದಲ್ಲಿ ಕ್ಯಾಸಿನಿಯ ಎಲ್ಲ ಚಿತ್ರಗಳೂ ಪುಕ್ಕಟೆ ಸಿಗುತ್ತವೆ. ಕ್ಯಾಮೆರಾ 12 ಬಿಟ್‌ನಲ್ಲಿ ಅಳೆದದ್ದು. ಜೊತೆಗೆ ಒಂದು ಚೀಟಿ ಇರುತ್ತದೆ: ಯಾವ ಫಿಲ್ಟರ್, ಎಷ್ಟು ಸೆಕೆಂಡ್ ಎಕ್ಸ್‌ಪೋಷರ್, ಯಾವ ರೀತಿ ಒತ್ತಿ ಕಳಿಸಿದ್ದು, ಎಲ್ಲ. ಈ ಚೀಟಿ ಓದದೆ ಚಿತ್ರ ಮುಟ್ಟಬಾರದು. ಕೆಲವು ಚಿತ್ರಗಳನ್ನು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಕಳಿಸಿರುತ್ತಾರೆ, ಕೆಲವನ್ನು 12ರಿಂದ 8 ಬಿಟ್‌ಗೆ ಇಳಿಸಿರುತ್ತಾರೆ. ಅಷ್ಟು ದೂರದಿಂದ ಪ್ರತಿ ಬಿಟ್ ಕಳಿಸುವುದೂ ದುಬಾರಿಯೇ ಅಲ್ವಾ.

ಇದನ್ನು ಸರಿಪಡಿಸಲು ನಾನು ಬಳಸುವುದು ಐಸಿಸ್ ಅನ್ನುವ ತಂತ್ರಾಂಶ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರದು, ಉಚಿತ. ಮೂರು ಕಮಾಂಡ್ ಸಾಕು. ಸಿಐಎಸ್‌ಎಸ್2ಐಸಿಸ್ ಫೈಲನ್ನು ಒಳಗೆ ತರುತ್ತದೆ. ಸ್ಪೈಸ್‌ಇನಿಟ್ ಆ ಕ್ಷಣದಲ್ಲಿ ನೌಕೆ ಎಲ್ಲಿತ್ತು, ಯಾವ ಕಡೆ ನೋಡುತ್ತಿತ್ತು ಅನ್ನುವುದನ್ನು ಅಂಟಿಸುತ್ತದೆ. ಸಿಸ್‌ಕ್ಯಾಲ್ ಕ್ಯಾಮೆರಾದ ದೋಷಗಳನ್ನು ಕಳೆಯುತ್ತದೆ: ಕತ್ತಲಲ್ಲೂ ಸೇರುವ ವಿದ್ಯುತ್ತು, ಒಂದೊಂದು ಪಿಕ್ಸೆಲ್‌ನ ಹೆಚ್ಚುಕಮ್ಮಿ ಸೂಕ್ಷ್ಮತೆ, ಅಡ್ಡ ಪಟ್ಟೆಗಳ ಗದ್ದಲ. ಕೊನೆಗೆ ಕೈಗೆ ಸಿಗುವುದು ಅಂಕಿ, ಬಂದ ಬಿಸಿಲಿನಲ್ಲಿ ಎಷ್ಟು ಪಾಲು ತಿರುಗಿ ಬಂತು ಅನ್ನುವ ಅಂಕಿ. ಆಗ ಕೆಂಪು, ಹಸಿರು, ನೀಲಿ ಒಂದೇ ತಕ್ಕಡಿಗೆ ಬರುತ್ತವೆ. ಮಿಕ್ಕ ಕೆಲಸ ಪ್ರೋಗ್ರಾಂ ಭಾಷೆಯಾದ ಪೈಥಾನ್‌ನಲ್ಲಿ. ಕೊನೆಯ ಬಣ್ಣದ ಹದ ಮಾತ್ರ ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ.

ಬಾಹ್ಯಾಕಾಶದಿಂದ ಬಂದು ಸಿಸಿಡಿಗೆ ಬಡಿಯುವ ಕಾಸ್ಮಿಕ್ ಕಿರಣಗಳ ಚುಕ್ಕೆಗಳನ್ನು ಯಾವ ಕಮಾಂಡೂ ಪೂರ್ತಿ ತೆಗೆಯುವುದಿಲ್ಲ. ಅವನ್ನು ಕೈಯಲ್ಲೇ ಆರಿಸುತ್ತೇನೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಬೇಜಾರಿನ ಕೆಲಸ, ಆದರೆ ಚಿತ್ರದ ಮೂಲೆ ಮೂಲೆ ಪರಿಚಯ ಆಗುವುದು ಇದೇ ಹೊತ್ತಿನಲ್ಲಿ.

ಬಣ್ಣ ಕೂಡಿಸುವುದು ಸುಲಭ ಅಂದುಕೊಂಡಿದ್ದೆ. ಬೆಳಕಿನ ತರಂಗದ ಉದ್ದದ ಲೆಕ್ಕದಲ್ಲಿ ಕೆಂಪು ಫಿಲ್ಟರ್ 650 ನ್ಯಾನೋಮೀಟರ್, ಹಸಿರು 568, ನೀಲಿ 451. ಮೂರನ್ನೂ ಒಂದರ ಮೇಲೊಂದು ಇಟ್ಟರೆ ಆಯಿತು. ನೀಲಿ ಚಿತ್ರ ತೀರಾ ಮಂಕು, ಯಾಕೆಂದರೆ ಆ ಮಬ್ಬು ನೀಲಿಯನ್ನು ನುಂಗುತ್ತದೆ, ಅದಕ್ಕೇ ಉಂಡೆ ಕಿತ್ತಳೆ. ಇಲ್ಲಿವರೆಗೆ ಸರಿ. ಆದರೆ ಮೂರರ ಅಂಚೂ ಒಂದಕ್ಕೊಂದು ಕೂಡಲೇ ಇಲ್ಲ. ಎಡಗಡೆ ಸರಿಮಾಡಿದರೆ ಬಲಗಡೆ ನೀಲಿ ಗೆರೆ. ಬಲಗಡೆ ಸರಿಮಾಡಿದರೆ ಎಡಗಡೆ. ಎರಡು ಸಂಜೆ ಇದರಲ್ಲೇ ಹೋಯಿತು.

ಸಾಮಾನ್ಯ ಚಂದ್ರನಿಗೆ ಅಂಚು ಅಂದರೆ ನೆಲ. ಯಾವ ಬಣ್ಣದಲ್ಲಿ ನೋಡಿದರೂ ನೆಲ ಅಲ್ಲೇ ಇರುತ್ತದೆ. ಟೈಟಾನ್‌ಗೆ ಅಂಚು ಅಂದರೆ ಮಬ್ಬು ನಮ್ಮ ನೋಟವನ್ನು ತಡೆಯುವ ಎತ್ತರ. ಅದು ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ. ನೀಲಿ ಬೆಳಕು ಮೇಲೇ ಸಿಕ್ಕಿಬೀಳುತ್ತದೆ, ಕೆಂಪು ಇನ್ನೂ ಒಳಗಿಳಿಯುತ್ತದೆ. ಅಂದರೆ ಟೈಟಾನ್ ನೀಲಿಯಲ್ಲಿ ನಿಜವಾಗಿಯೂ ದೊಡ್ಡದು, ಕೆಂಪಿನಲ್ಲಿ ಚಿಕ್ಕದು! ನಾನು ಇಲ್ಲದ ತಪ್ಪನ್ನು ತಿದ್ದುತ್ತಿದ್ದೆ. ಅಂಚಿಗೆ ಅಂಚು ಕೂಡಿಸುವುದನ್ನು ಬಿಟ್ಟು, ಪ್ರತಿ ಚಿತ್ರದ ಕೇಂದ್ರ ಹುಡುಕಿ ಕೇಂದ್ರಕ್ಕೆ ಕೇಂದ್ರ ಕೂಡಿಸಿದೆ. ಐದು ನಿಮಿಷದ ಕೆಲಸ. ಅಗಲ ನೋಟದ ಚಿತ್ರಗಳಲ್ಲಿ ಮಾತ್ರ ಇನ್ನೊಂದು ಕಾಟ ಇದೆ. ಹತ್ತಿರ ಹಾಯುವಾಗ ನೌಕೆಯ ವೇಗ ಸೆಕೆಂಡಿಗೆ 6 ಕಿ.ಮೀ. ಆಸುಪಾಸು. ಕೆಂಪಿಗೂ ನೀಲಿಗೂ ಮೂರು ನಿಮಿಷದ ಅಂತರ ಇದ್ದರೆ ಅಷ್ಟರಲ್ಲಿ ಸಾವಿರ ಕಿ.ಮೀ. ದೂರ ಬದಲಾಗಿರುತ್ತದೆ. ಎರಡು ಲಕ್ಷ ಕಿ.ಮೀ.ನಿಂದ ತೆಗೆದ ಚಿತ್ರದಲ್ಲಿ ಉಂಡೆ ಸುಮಾರು ಎರಡು ಪಿಕ್ಸೆಲ್ ಹಿಗ್ಗಿಯೋ ಕುಗ್ಗಿಯೋ ಇರುತ್ತದೆ. ಅದನ್ನು ಮೊದಲೇ ಅಳತೆ ಸರಿಮಾಡಿಕೊಳ್ಳಬೇಕು.

ಆ ಮೊದಲ ಬಣ್ಣದ ಚಿತ್ರದಲ್ಲಿ ಉಂಡೆಯಿಂದ ಸ್ವಲ್ಪ ಹೊರಗೆ ಒಂದು ತೆಳು ನೇರಳೆ ಗೆರೆ ಇತ್ತು. ಲೆನ್ಸ್ ದೋಷದಿಂದ ಅಂಚಿಗೆ ನೇರಳೆ ಬಣ್ಣ ಅಂಟುವುದು ಮಾಮೂಲಿ. ಅದನ್ನು ಅಳಿಸುವ ಉಪಕರಣ ಜಿಂಪ್‌ನಲ್ಲಿ ಹುಡುಕಿ ಒರೆಸಿಹಾಕಿದೆ. ಉಂಡೆ ನುಣ್ಣಗೆ ಬಂತು. ಸ್ನೇಹಿತರಿಗೂ ಕಳಿಸಿದೆ. ಈ ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೆಲ ನೋಡಬೇಕು ಅನ್ನುವ ಹಟ ಹೋಗಿರಲಿಲ್ಲ. ಚಿತ್ರವನ್ನು ಎಷ್ಟು ಚೂಪು ಮಾಡಿದರೂ ಕೆಂಪು-ಹಸಿರು-ನೀಲಿಯಲ್ಲಿ ನೆಲ ಸಿಗುವುದಿಲ್ಲ. ಬಂದಿಲ್ಲದ ಬೆಳಕನ್ನು ಯಾವ ತಂತ್ರಾಂಶವೂ ತರುವುದಿಲ್ಲ. ಬೇರೆ ಬೆಳಕಿನಲ್ಲಿ ನೋಡಬೇಕು, ಅಷ್ಟೇ. ಮೀಥೇನ್ ಕೆಲವು ಬಣ್ಣಗಳನ್ನು ನುಂಗುತ್ತದೆ, ಮಧ್ಯೆ ಕೆಲವನ್ನು ಬಿಡುತ್ತದೆ. ಆ ಬಿಟ್ಟ ಜಾಗಗಳು ಕಿಟಕಿಯ ಹಾಗೆ. ಜೊತೆಗೆ ತರಂಗ ಉದ್ದವಾದಷ್ಟೂ ಮಬ್ಬಿನ ಕಣಗಳು ಅದನ್ನು ಕಮ್ಮಿ ಚದುರಿಸುತ್ತವೆ. ಈ ಎರಡೂ ಕೂಡಿಬರುವ ಜಾಗ 938 ನ್ಯಾನೋಮೀಟರ್. ಕಣ್ಣಿಗೆ ಕಾಣದ ಅವಗೆಂಪು. ಕ್ಯಾಸಿನಿಯ ಕ್ಯಾಮೆರಾದಲ್ಲಿ ಇದಕ್ಕೆಂದೇ ಸಿಬಿ3 ಅನ್ನುವ ಫಿಲ್ಟರ್ ಇತ್ತು. ಸುಮಾರು 10 ನ್ಯಾನೋಮೀಟರ್ ಅಗಲದ ಸಣ್ಣ ಸಂದು. ಸಿಸಿಡಿಗೆ ಆ ಬೆಳಕು ಅಷ್ಟಾಗಿ ಹಿಡಿಸುವುದಿಲ್ಲ, ಅಲ್ಲಿನ ಬಿಸಿಲೋ ನಮ್ಮಲ್ಲಿನ ತೊಂಬತ್ತರಲ್ಲಿ ಒಂದು ಪಾಲು. ಹಾಗಾಗಿ ಎಕ್ಸ್‌ಪೋಷರ್ ಉದ್ದ, ಒಂದೇ ಜಾಗದ ಚಿತ್ರ ಎರಡು-ಮೂರು ಸಲ. ನಾಲ್ಕು ಚಿತ್ರ ಕೂಡಿಸಿ ಸರಾಸರಿ ಮಾಡಿದರೆ ಗದ್ದಲ, ಅಂದರೆ ಚಿತ್ರದ ಮೇಲಿನ ಮರಳಿನಂಥ ಚುಕ್ಕೆಗಳ ಕಾಟ, ಅರ್ಧಕ್ಕೆ ಇಳಿಯುತ್ತದೆ.

ಮೊದಲ ಸಿಬಿ3 ಚಿತ್ರ ತೆರೆದಾಗ ಮತ್ತೆ ಬೂದು ಉಂಡೆಯೇ. ಆದರೆ ಕಣ್ಣು ಕಿರಿದು ಮಾಡಿ ನೋಡಿದರೆ ಮಧ್ಯದಲ್ಲಿ ಏನೋ ಒಂದು ನೆರಳು. ಅಂಕಿ ತೆಗೆದು ನೋಡಿದೆ. ನೆರಳಿಗೂ ಪಕ್ಕದ ಜಾಗಕ್ಕೂ ನೂರಕ್ಕೆ ನಾಲ್ಕೈದರ ವ್ಯತ್ಯಾಸ. ಉಂಡೆಯ ನಡುವಿಗೂ ಅಂಚಿಗೂ ಇರುವ ಬೆಳಕಿನ ಇಳಿಜಾರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಕಾಂಟ್ರಾಸ್ಟ್ ಎಳೆದರೆ ಇಳಿಜಾರೇ ಹಿಗ್ಗುತ್ತದೆ, ನೆಲ ಅದರಲ್ಲಿ ಮುಳುಗುತ್ತದೆ.

ಇಲ್ಲಿ ಒಂದು ಹಳೆಯ ಉಪಾಯ ಕೈಹಿಡಿಯಿತು. ಕ್ಯಾಸಿನಿಯ ಚಿತ್ರ ತಂಡದವರೇ ಬಳಸಿದ್ದು. ಎಂಟಿ1 ಅನ್ನುವ ಇನ್ನೊಂದು ಫಿಲ್ಟರ್ ಇದೆ, 619 ನ್ಯಾನೋಮೀಟರ್. ಅಲ್ಲಿ ನೆಲ ಕಾಣುವುದಿಲ್ಲ, ಬರೀ ಮಬ್ಬು. ಆದರೆ ಬೆಳಕಿನ ಇಳಿಜಾರು ಸುಮಾರಾಗಿ ಸಿಬಿ3ರ ಹಾಗೇ ಇರುತ್ತದೆ. ಒಂದರಲ್ಲಿ ನೆಲ ಮತ್ತು ಮಬ್ಬು, ಇನ್ನೊಂದರಲ್ಲಿ ಮಬ್ಬು ಮಾತ್ರ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ?

ಭಾಗಿಸಿದೆ. ಮೊದಲ ಸಲ ಬರೀ ಮರಳು ಎರಚಿದ ಹಾಗೆ ಬಂತು. ಎಂಟಿ1ರ ಗದ್ದಲವೂ ಸೇರಿಕೊಂಡಿತ್ತು. ಮಬ್ಬಿನಲ್ಲಿ ಸಣ್ಣ ವಿವರ ಇರುವುದಿಲ್ಲವಾದ್ದರಿಂದ ಎಂಟಿ1 ಚಿತ್ರವನ್ನು ಮೊದಲು ಚೆನ್ನಾಗಿ ಮಸುಕು ಮಾಡಿಕೊಂಡೆ. ಮತ್ತೆ ಭಾಗಿಸಿದೆ. 0.97ರಿಂದ 1.04ರವರೆಗಿನ ಅಂಕಿಗಳನ್ನು ಕಪ್ಪಿನಿಂದ ಬಿಳುಪಿಗೆ ಹಿಗ್ಗಿಸಿದೆ. ಪರದೆ ಮೇಲೆ ಒಂದು ನಾಡು ಬಂದು ಕೂತಿತು. ಒಂದು ಕಡೆ ದೊಡ್ಡ ಬಿಳಿ ಹರವು, ಅದಕ್ಕೆ ಒತ್ತಿಕೊಂಡು ಕಪ್ಪು ಬಯಲು, ಮಧ್ಯೆ ಹರಿದ ಅಂಚು. ಆವತ್ತು ರಾತ್ರಿ ಎರಡು ಗಂಟೆ. ಕುರ್ಚಿಯಿಂದ ಏಳಲು ಮನಸ್ಸಾಗಲಿಲ್ಲ.

ಬಿಳಿಯದು ಕ್ಸನಾಡು. 1994ರಲ್ಲೇ ಹಬಲ್ ದೂರದರ್ಶಕ ಅದನ್ನು ಮಸುಕಾಗಿ ಕಂಡಿತ್ತು. ಪಕ್ಕದ ಕಪ್ಪು ಬಯಲು ಶಾಂಗ್ರಿ-ಲಾ. ಪ್ರಕಟವಾದ ನಕ್ಷೆ ತೆಗೆದು ಪಕ್ಕದಲ್ಲಿಟ್ಟೆ. ಉತ್ತರ ಮೇಲಿಟ್ಟರೆ ಶಾಂಗ್ರಿ-ಲಾ ಕ್ಸನಾಡುವಿನ ಎಡಕ್ಕೆ ಬರಬೇಕು. ನನ್ನದರಲ್ಲಿ ಬಲಕ್ಕಿತ್ತು. ತಿರುಗಿಸಿದೆ, ಮತ್ತೆ ತಿರುಗಿಸಿದೆ, ಊಹೂಂ. ಕೊನೆಗೆ ಹೊಳೆಯಿತು, ನನ್ನದು ಕನ್ನಡಿಯ ಪ್ರತಿಬಿಂಬ. ಮೂಲ ಫೈಲಿನಲ್ಲಿ ಸಾಲುಗಳು ಮೇಲಿನಿಂದ ಶುರು. ನಡುವೆ ಒಂದು ಹಂತದಲ್ಲಿ ಫಿಟ್ಸ್ ಅನ್ನುವ, ಖಗೋಳ ಚಿತ್ರಗಳಿಗೆ ಬಳಸುವ ಫೈಲ್ ಮಾದರಿಗೆ ಬದಲಾಯಿಸಿದ್ದೆ, ಅದರಲ್ಲಿ ಸಾಲುಗಳನ್ನು ಕೆಳಗಿನಿಂದ ಎಣಿಸುವುದು ರೂಢಿ. ಅಲ್ಲಿ ತಲೆಕೆಳಗಾದದ್ದನ್ನು ನಾನು ಗಮನಿಸದೆ ತಿರುಗಿಸಿ ನೆಟ್ಟಗೆ ಮಾಡಿದ್ದೆ. ಮಿಮಾಸ್‌ನಲ್ಲೂ ಇದೇ ತಪ್ಪು ಮಾಡಿದ್ದೆನೇನೋ ಅಂತ ಹಳೆಯ ಚಿತ್ರ ತೆಗೆದು ನೋಡಿದೆ. ಮಾಡಿದ್ದೆ. ಯಾರೂ ಹೇಳಿರಲಿಲ್ಲ.

ಇನ್ನೊಂದು ಸಲ ಕಪ್ಪು ಬಯಲಿನಲ್ಲಿ ಒಂದು ಉಂಗುರ ಸಿಕ್ಕಿತು. ಗುಂಡಗೆ, ಅಂಚು ಬಿಳಿ, ಒಳಗೆ ಕಪ್ಪು. ಕುಳಿ! ಟೈಟಾನ್‌ನಲ್ಲಿ ಕುಳಿಗಳು ಬಹಳ ವಿರಳ. ಅತಿ ದೊಡ್ಡದು ಮೆನರ್ವ, ಸುಮಾರು 400 ಕಿ.ಮೀ. ಅಗಲ. ನನ್ನ ಉಂಗುರ ನಕ್ಷೆಯಲ್ಲಿ ಇರಲಿಲ್ಲ. ಅರ್ಧ ಗಂಟೆ ಗಾಳಿಯಲ್ಲಿ ತೇಲಾಡಿದೆ. ಆಮೇಲೆ ಅದೇ ಹಳೆ ಪ್ರಶ್ನೆ. ಕೆಲವು ಗಂಟೆ ಬಿಟ್ಟು ತೆಗೆದ ಇನ್ನೊಂದು ಚಿತ್ರ ತೆರೆದೆ. ಅದರಲ್ಲಿ ಟೈಟಾನ್ ಚೌಕಟ್ಟಿನಲ್ಲಿ ನೂರು ಪಿಕ್ಸೆಲ್ ಪಕ್ಕಕ್ಕೆ ಸರಿದಿತ್ತು. ಎರಡನ್ನೂ ಒಂದಾದ ಮೇಲೊಂದು ಮಿನುಗಿಸಿದೆ. ಟೈಟಾನ್ ಆ ಕಡೆ ಈ ಕಡೆ ಕುಣಿಯಿತು, ಉಂಗುರ ಮಾತ್ರ ಇದ್ದ ಜಾಗ ಬಿಟ್ಟು ಕದಲಲಿಲ್ಲ. ಕ್ಯಾಮೆರಾದೊಳಗೆ ಎಲ್ಲೋ ಕೂತಿದ್ದ ಧೂಳಿನ ಕಣದ ನೆರಳು. ಸಾಮಾನ್ಯ ಚಿತ್ರದಲ್ಲಿ ಅದು ಕಾಣುವುದಿಲ್ಲ. ನಾನು ನೂರರಲ್ಲಿ ಏಳು ಪಾಲನ್ನು ಇಡೀ ಕಪ್ಪು-ಬಿಳುಪಿಗೆ ಹಿಗ್ಗಿಸಿದ್ದೆನಲ್ಲ, ಅಷ್ಟು ಹಿಗ್ಗಿಸಿದರೆ ಧೂಳೂ ಕುಳಿಯಾಗುತ್ತದೆ.

ಚೂಪು ಮಾಡುವ ಚಪಲದಿಂದ ನದಿಗಳನ್ನೂ 'ಕಂಡುಹಿಡಿದೆ'. ಅವೂ ನನ್ನವೇ. ಈಗ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಇರುವ ಚಿತ್ರಗಳನ್ನು ಎರಡು ಗುಂಪು ಮಾಡಿ, ಬೇರೆ ಬೇರೆಯಾಗಿ ಶುಚಿ ಮಾಡುತ್ತೇನೆ. ಎರಡರಲ್ಲೂ ಕಂಡದ್ದು ಉಳಿಯುತ್ತದೆ, ಒಂದರಲ್ಲೇ ಕಂಡದ್ದು ಹೋಗುತ್ತದೆ. ಅಂಚಿನ ಕಡೆ ನೋಟ ಮಬ್ಬನ್ನು ಓರೆಯಾಗಿ ಹಾಯಬೇಕಾದ್ದರಿಂದ ಅಲ್ಲಿ ಭಾಗಾಕಾರದ ಉಪಾಯ ಸೋಲುತ್ತದೆ. ಕೇಂದ್ರದಿಂದ 60 ಡಿಗ್ರಿ ಆಚೆಗಿನದನ್ನು ಕತ್ತರಿಸಿಬಿಡುತ್ತೇನೆ. ಹತ್ತಿರ ಹೋದಷ್ಟೂ ವಿವರ ಜಾಸ್ತಿ ಅನ್ನುವುದೂ ಇಲ್ಲಿ ಒಂದು ಮಟ್ಟದವರೆಗೆ ಮಾತ್ರ. 938ರಲ್ಲೂ ಮಬ್ಬು ಬೆಳಕನ್ನು ಚದುರಿಸುತ್ತಲೇ ಇರುತ್ತದೆ, ನೆಲದ ಗೆರೆಗಳು ಕಲಸಿಹೋಗುತ್ತವೆ. ಸಣ್ಣ ಗೆರೆ ಬೇಕಾದವರು ರಾಡಾರ್ ಚಿತ್ರಗಳಿಗೇ ಹೋಗಬೇಕು. ಅವು ಬೇರೆಯೇ ಲೋಕ, ನನಗೆ ಅಷ್ಟು ಒಗ್ಗಲಿಲ್ಲ.

ಈ ಮಬ್ಬಿಗೆ ಬಲಿಯಾದವರಲ್ಲಿ ನಾನೇ ಮೊದಲಿಗನಲ್ಲ ಬಿಡಿ. 1980ರ ನವೆಂಬರ್ 12ಕ್ಕೆ ವಾಯೇಜರ್ 1 ಟೈಟಾನ್ ಪಕ್ಕ ಹಾದಾಗ ಸಿಕ್ಕಿದ್ದೂ ಇದೇ ನುಣುಪು ಉಂಡೆ. ಹಾಗೆ ಹತ್ತಿರ ಹಾಯಲು ಆರಿಸಿಕೊಂಡ ದಾರಿ ನೌಕೆಯನ್ನು ಗ್ರಹಗಳ ಸಮತಲದಿಂದಲೇ ಮೇಲಕ್ಕೆ ಎಸೆಯಿತು, ಮುಂದೆ ಯಾವ ಗ್ರಹವೂ ಅದಕ್ಕೆ ಸಿಗಲಿಲ್ಲ. ಅದರ ಕ್ಯಾಮೆರಾಕ್ಕೆ ಅವಗೆಂಪು ಕಾಣುತ್ತಿರಲಿಲ್ಲ. ಆದರೂ 2004ರಲ್ಲಿ ಸಂಶೋಧಕರು ಅದರ ಕಿತ್ತಳೆ ಫಿಲ್ಟರ್‌ನ ಹಳೆಯ ಚಿತ್ರಗಳನ್ನು ಮತ್ತೆ ಜಾಲಾಡಿ, ಅದರಲ್ಲೂ ನೆಲದ ಗುರುತು ತೀರಾ ಮಸುಕಾಗಿ ಇದೆ ಅಂತ ತೋರಿಸಿದರು. ಕಾಲು ಶತಮಾನದ ಹತ್ತಿರ ಅದು ಫೈಲಿನಲ್ಲೇ ಕೂತಿತ್ತು. ಕ್ಯಾಸಿನಿಗೂ ಒಂದು ಗ್ರಹಚಾರ ಬಂದಿತ್ತು. ಗುರು ಗ್ರಹವನ್ನು ದಾಟಿದ ಮೇಲೆ, 2001ರಲ್ಲಿ, ಕಿರಿದು ನೋಟದ ಕ್ಯಾಮೆರಾದೊಳಗೇ ಮಬ್ಬು ಕಟ್ಟಿತು. ನಕ್ಷತ್ರಗಳ ಸುತ್ತ ಪ್ರಭೆ. ಕ್ಯಾಮೆರಾವನ್ನು ಮತ್ತೆ ಮತ್ತೆ ಬಿಸಿ ಮಾಡಿ 2002ರ ಹೊತ್ತಿಗೆ ಅದನ್ನು ಓಡಿಸಿದರು. ಮಬ್ಬು ಹಿಡಿದ ಚಂದ್ರನನ್ನು ನೋಡಲು ಹೊರಟ ಕ್ಯಾಮೆರಾಕ್ಕೇ ಮಬ್ಬು! ಈ ಸಂಗತಿ ಓದಿದ ಮೇಲೆ ನನ್ನ ತಪ್ಪುಗಳ ಬಗ್ಗೆ ಸ್ವಲ್ಪ ಸಮಾಧಾನವಾಯಿತು.

ಈಗ ಆ ನೇರಳೆ ಗೆರೆ.

ನೆಲದ ನಕ್ಷೆ ಸಾಕಷ್ಟು ಮಾಡಿದ ಮೇಲೆ, ಬೇರೆ ಫಿಲ್ಟರ್‌ಗಳಲ್ಲಿ ಏನಿದೆ ನೋಡೋಣ ಅಂತ ಸುಮ್ನೆ 2005ರ ಒಂದು ಯುವಿ3 ಚಿತ್ರ ತೆರೆದೆ. 338 ನ್ಯಾನೋಮೀಟರ್, ನೇರಳಾತೀತ. ನೆಲ ನೋಡುವವರಿಗೆ ಇದಕ್ಕಿಂತ ಕೆಲಸಕ್ಕೆ ಬಾರದ ಬೆಳಕಿಲ್ಲ. ಬೆಳಕೆಲ್ಲ ಮೇಲಿನ ಮಬ್ಬಿನಲ್ಲೇ ನಿಂತುಬಿಡುತ್ತದೆ. ಚಿತ್ರದಲ್ಲಿ ಮಂಕಾದ ಉಂಡೆ. ಅದರ ಅಂಚು ಮುಗಿದ ಮೇಲೆ ಒಂದು ಕಪ್ಪು ಸಂದು. ಸಂದಿನ ಆಚೆ, ಉಂಡೆಯನ್ನು ಬಳಸಿಕೊಂಡು, ಒಂದೇ ಸಮ ದೂರದಲ್ಲಿ, ಬೆಳಕಿನ ಒಂದು ತೆಳು ಗೆರೆ. ಇದಕ್ಕೆ ನಾನು ಏನೂ ಮಾಡಿರಲಿಲ್ಲ, ಚೂಪು ಮಾಡಿರಲಿಲ್ಲ, ಹಿಗ್ಗಿಸಿರಲಿಲ್ಲ. ಒಂದೇ ಫಿಲ್ಟರ್, ಹಾಗಾಗಿ ಬಣ್ಣ ಕೂಡದ ತಪ್ಪೂ ಅಲ್ಲ. ಟೈಟಾನ್ ಜಾಗ ಬದಲಾದ ಇನ್ನೊಂದು ಚಿತ್ರದಲ್ಲಿ ಗೆರೆ ಟೈಟಾನ್ ಜೊತೆಗೇ ಬಂತು. ನಾನು ಲೆನ್ಸ್ ದೋಷ ಅಂತ ಒರೆಸಿಹಾಕಿದ್ದು ಇದನ್ನೇ.

ಅಳೆಯದೆ ಬಿಡಬಾರದು ಅನಿಸಿತು. ಕಿರಿದು ನೋಟದ ಕ್ಯಾಮೆರಾದ ಲೆಕ್ಕ ಸುಲಭ: ಹತ್ತು ಲಕ್ಷ ಕಿ.ಮೀ. ದೂರದಲ್ಲಿ ಒಂದು ಪಿಕ್ಸೆಲ್ ಅಂದರೆ 6 ಕಿ.ಮೀ. ನನ್ನ ಚಿತ್ರ ಸುಮಾರು 12 ಲಕ್ಷ ಕಿ.ಮೀ.ನಿಂದ ತೆಗೆದದ್ದು, ಅಂದರೆ ಪಿಕ್ಸೆಲ್‌ಗೆ 7.2 ಕಿ.ಮೀ. ಕೇಂದ್ರದಿಂದ ಗೆರೆಗೆ 427 ಪಿಕ್ಸೆಲ್. ಗುಣಿಸಿದರೆ 3074 ಕಿ.ಮೀ. ಅದರಲ್ಲಿ ಟೈಟಾನ್‌ನ ತ್ರಿಜ್ಯ 2575 ಕಳೆದರೆ 499. ನೆಲದಿಂದ ಐನೂರು ಕಿಲೋಮೀಟರ್ ಮೇಲೆ, ಮುಖ್ಯ ಮಬ್ಬಿನಿಂದ ಬಿಡಿಸಿಕೊಂಡು ನಿಂತ ಇನ್ನೊಂದು ಮಬ್ಬಿನ ಪದರ. ಪ್ರಕಟವಾದ ಅಳತೆಗಳೂ ಆ ವರ್ಷಗಳಿಗೆ ಐನೂರರ ಆಸುಪಾಸೇ ಹೇಳುತ್ತವೆ. ಒಂದು ಕಾಗದ, ಪೆನ್ಸಿಲ್ಲು, ಪುಕ್ಕಟೆ ಸಿಕ್ಕ ಒಂದು ಫೈಲು. ನೆಲದ ನಕ್ಷೆ ಮೂಡಿದಾಗಲೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಆಮೇಲೆ ಚಟ ಹತ್ತಿತು. ವರ್ಷಕ್ಕೆ ಒಂದೆರಡರಂತೆ ಯುವಿ3 ಚಿತ್ರ ಇಳಿಸಿಕೊಂಡು ಅದೇ ಅಳತೆ. 2009ರ ನಂತರ ಗೆರೆ ಕೆಳಗಿಳಿಯತೊಡಗಿತು. 2010ರಲ್ಲಿ 380 ಕಿ.ಮೀ. ಹತ್ತಿರ ಬಂದಿತ್ತು. ನನ್ನ ಕೇಂದ್ರವೇ ತಪ್ಪಿರಬೇಕು ಅಂತ ಮತ್ತೆ ಅಳೆದೆ. ಅಷ್ಟೇ ಬಂತು. ಓದಿ ನೋಡಿದರೆ ನಿಜವಾಗಿಯೂ ಇಳಿದಿತ್ತು. 2009ರ ಆಗಸ್ಟ್‌ನಲ್ಲಿ ಶನಿಯ ಲೋಕದಲ್ಲಿ ಹಗಲು ರಾತ್ರಿ ಸಮನಾಯಿತು. ಅಲ್ಲಿ ಒಂದು ವರ್ಷ ಅಂದರೆ ನಮ್ಮ 29 ವರ್ಷ ಚಿಲ್ಲರೆ. ಋತು ತಿರುಗುವಾಗ ಮೇಲಿನ ಗಾಳಿಯ ಓಟವೂ ತಿರುಗುತ್ತದೆ, ಪದರ ಅದರ ಜೊತೆ ಇಳಿಯುತ್ತದೆ. ವಾಯೇಜರ್ ಇದೇ ಪದರವನ್ನು 350 ಕಿ.ಮೀ. ಎತ್ತರದಲ್ಲಿ ಕಂಡಿತ್ತು. ಕ್ಯಾಸಿನಿ ಮೊದಲು 500ರಲ್ಲಿ ಕಂಡಾಗ ಎರಡೂ ಯಾಕೆ ಹೊಂದುವುದಿಲ್ಲ ಅನ್ನುವುದು ಒಗಟಾಗಿತ್ತು. 2009ರಿಂದ 1980 ಕಳೆದುನೋಡಿ. ಅಲ್ಲಿಯ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ವರ್ಷ. ವಾಯೇಜರ್ ಹೋದದ್ದೂ ಋತು ತಿರುಗುವ ಹೊತ್ತಿಗೇ.

2012ರ ಫೈಲ್ ತೆರೆದಾಗ ಗೆರೆಯೇ ಇರಲಿಲ್ಲ.

ಈ ಸಲ ಅನುಮಾನ ಪೂರ್ತಿ ನನ್ನ ಮೇಲೇ ಬಂತು. ಒಮ್ಮೆ ಒರೆಸಿಹಾಕಿದ ಕೈ ಅಲ್ವಾ. ಶುಚಿ ಮಾಡುವಾಗ ಎಲ್ಲೋ ಮಸುಕು ಮಾಡಿಬಿಟ್ಟಿರಬೇಕು ಅಂತ ಮೊದಲಿಂದ ಶುರುಮಾಡಿದೆ. ಇಲ್ಲ. ಅದೇ ಹಂತಗಳನ್ನು, ಅದೇ ಅಂಕಿಗಳನ್ನು ಇಟ್ಟು 2005ರ ಫೈಲ್ ಓಡಿಸಿದೆ. ಗೆರೆ ಅಚ್ಚುಕಟ್ಟಾಗಿ ಬಂತು. ಮತ್ತೆ 2012. ಇಲ್ಲ. ಅದೇ ವರ್ಷದ ಇನ್ನೂ ಎರಡು ಫೈಲ್ ಇಳಿಸಿದೆ. ಅವುಗಳಲ್ಲೂ ಇಲ್ಲ. ಅಷ್ಟಾದ ಮೇಲೆ ಪ್ರಬಂಧ ಹುಡುಕಿ ಓದಿದೆ. ಪದರ 2012ರಲ್ಲಿ ಕಾಣೆಯಾಗಿ, 2016ರಲ್ಲಿ ಮತ್ತೆ ಕಾಣಿಸಿಕೊಂಡಿತು ಅಂತ ಇತ್ತು.

2016ರ ಫೈಲುಗಳು ಇನ್ನೂ ಇಳಿಯುತ್ತಿವೆ. ಅಷ್ಟರಲ್ಲಿ ಆ ಹಳೆಯ ಬಣ್ಣದ ಚಿತ್ರವನ್ನು ಮೂಲದಿಂದ ಮತ್ತೆ ಮಾಡುತ್ತಿದ್ದೇನೆ, ಗೆರೆ ಸಮೇತ. ಕೆಂಪು, ಹಸಿರು ಮುಗಿದಿವೆ. ನೀಲಿಯಲ್ಲಿ ಅಂಚಿನ ಹತ್ತಿರ ಮೂರು ಕಾಸ್ಮಿಕ್ ಕಿರಣದ ಚುಕ್ಕೆ ಆರಿಸುವುದು ಬಾಕಿ. ಒಂದು ಸರಿಯಾಗಿ ಗೆರೆಯ ಮೇಲೇ ಕೂತಿದೆ.